ಮೊದಲನೆಯ ಹುರಿ

ಐಲನ್ ಮೋರ್,
ಓಬನ್ ಅಂಚೆ, ಸ್ಕಾಟ್ಲೆಂಡ್
ಜುಲೈ ೧೫, ಸೋಮವಾರ

ಪ್ರೀತಿಯ ಲಾಕ್ಲನ್,

ಹಡಗಿನಲ್ಲಿ ಹೇಗಿದ್ದೀಯ? ಕೆಮ್ಮು ಹೋಯಿತೇ? ದಕ್ಷಿಣದಲ್ಲಿ ಈಗ ನಡುಚಳಿಗಾಲ. ನಾನು ಹೆಣೆದ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಿಸಿಡದೆ ಹಾಕಿಕೋ. ಮಂಡಿನೋವು ಬಿಟ್ಟರೆ ನನಗೇನೂ ಇಲ್ಲ. ಕೋಳಿಗಳು ಮೊಟ್ಟೆ ಇಡುತ್ತಿವೆ. ಊರಿನವರು ತಂದಿಟ್ಟ ಸೂಪು, ಸ್ಕೋನುಗಳಿಂದ ಒಲೆ ಹಚ್ಚುವ ಕೆಲಸವೇ ಇಲ್ಲವಾಗಿದೆ. ಅಪ್ಪನ ಮಣ್ಣಿಗೆ ಬರಲಾಗಲಿಲ್ಲವೆಂದು ಕೊರಗಬೇಡ. ಹಡಗು ತಿರುಗುವವರೆಗೆ ನಿನಗೆ ದಾರಿಯಿಲ್ಲ, ಅದು ಅವರಿಗೂ ಗೊತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರವಿದ್ದೂ ಬಾರದವನ ಸುದ್ದಿ ಬರೆಯುತ್ತೇನೆ.

ಕೊನೆಯ ವಾರದಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು, "ಇಶ್ಬೆಲ್, ಹೆಕ್ಟರ್‌ಗೂ ನನ್ನ ಪೆಟ್ಟಿಗೆ ಇಳಿಸೋ ಒಂದು ಹುರಿ ಕೊಡೇ. ಆ ವಿಷಯ ನನ್ನ ಜೊತೇಲೇ ಮಣ್ಣಾಗ್ಲಿ" ಅಂದರು. ಆ ವಿಷಯ ಯಾವುದೆಂದು ನಿನಗೆ ಹೇಳಬೇಕಾಗಿಲ್ಲ, ಅವತ್ತು ಅಪ್ಪನ ದೋಣಿಯಲ್ಲಿ ನೀನೂ ಇದ್ದೆ. ನಿನ್ನ ಅಣ್ಣ ನೀಲ್ ಮೀನಿಗೆ ಹೋದವನು ಹಿಂದಿರುಗದ ಆ ಜೂನ್ ಬೆಳಿಗ್ಗೆ, ಕರಾವಳಿಯ ಪ್ರತಿಯೊಂದು ದೋಣಿಯೂ ಹುಡುಕಲು ಹೊರಟಿತು. ನಿನ್ನ ಚಿಕ್ಕಪ್ಪ ಹೆಕ್ಟರ್, ಅವನನ್ನು ಹೀಗೆ ಕರೆಯುವುದು ಇದೇ ಕೊನೆ, ಪ್ರವಾಸಿಗಳನ್ನು ತುಂಬಿಕೊಂಡು ಪಫಿನ್ ಹಕ್ಕಿ ತೋರಿಸಲು ಸ್ಟಾಫಾ ದ್ವೀಪಕ್ಕೆ ಹೋದ. ನಿಮ್ಮ ಪಕ್ಕದಲ್ಲೇ ಹಾದುಹೋಗುವಾಗ ಅವನ ಜನ ನಿಮ್ಮ ಫೋಟೊ ತೆಗೆದರು ಎಂದು ನೀನೇ ಬಂದು ಹೇಳಿದ್ದೆ. ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೂರದಿಂದ ಬಂದೋರು ಅತ್ತಿಗೆ. ದಡದಲ್ಲಿ ಬಿಟ್ಟು ಬರೋಕಾಗುತ್ತಾ?" ಅಂದ. ನೀಲ್ ಇನ್ನೂ ನೀರಿನಲ್ಲೇ ಇದ್ದಾನೆ.

ಅಪ್ಪನಿಗೆ ಮಾತು ಕೊಟ್ಟಿದ್ದೆ, ನಡೆಸಿಕೊಟ್ಟೆ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಎಂಟು ಹುರಿಗಳಲ್ಲಿ ತಲೆಯ ಕಡೆಯದು, ಮೊದಲನೆಯದು, ನಿನ್ನದು. ನೀನಿಲ್ಲದಾಗ ಅಪ್ಪನ ತಮ್ಮನದು. ಪದ್ಧತಿಯಂತೆ ಅವನ ಹೆಸರನ್ನೂ ಒಂದು ಎಂಬ ಅಂಕಿಯನ್ನೂ ಚೀಟಿಯಲ್ಲಿ ಬರೆದು ಕಳಿಸಿದೆ. ಪಾದ್ರಿಗಳು ಮಣ್ಣು ಶುಕ್ರವಾರವೋ ಶನಿವಾರವೋ ಎಂದು ಕೇಳಿದರು. ಶನಿವಾರ ಓಬನ್‌ಗೆ ದೊಡ್ಡ ವಿಹಾರದ ಹಡಗು ಬರುತ್ತದೆಂದೂ, ಅದರ ಜನರನ್ನು ದ್ವೀಪಗಳಿಗೆ ಸುತ್ತಿಸಲು ಅವನು ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದಾನೆಂದೂ ಇಡೀ ಊರಿಗೆ ಗೊತ್ತಿತ್ತು. ನಾನು ಶನಿವಾರ ಅಂದೆ. ಶುಕ್ರವಾರ ಆಗುವುದಿಲ್ಲವೇ ಎಂದು ಅವನು ಫೋನಿನಲ್ಲಿ ಕೇಳಿಕೊಂಡ. ಆಗುತ್ತಿತ್ತು, ಆದರೆ ಆಗುವುದಿಲ್ಲ ಅಂದೆ. ಕೊನೆಗೆ, "ದೋಣೀನ ಬೇರೆಯವರ ಕೈಗೆ ಕೊಟ್ಟು ಬರ್ತೀನಿ ಅತ್ತಿಗೆ. ಆರ್ಚಿ ನನ್ನಣ್ಣ ಅಲ್ವಾ?" ಅಂದ.

ಕಡಲಂಚಿನ ಸ್ಮಶಾನದಲ್ಲಿ ಕಾದೆವು, ಲಾಕ್ಲನ್. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಪಾದ್ರಿಗಳು ಹೆಸರು ಹಿಡಿದು ಕರೆದಂತೆ ಏಳು ಗಂಡಸರು ಏಳು ಹುರಿ ಎತ್ತಿಕೊಂಡರು. ಮೊದಲನೆಯದು ಪೆಟ್ಟಿಗೆಯ ಮೇಲೆ ಹಾಗೇ ಬಿದ್ದಿತ್ತು. ಹೆಕ್ಟರ್‌ನ ಹೆಸರನ್ನು ಅವರು ಎರಡು ಸಲ ಕರೆದರು. ಆಗ ಕಡಲಿನ ಕಡೆಯಿಂದ ಅವನ ದನಿ ಬಂತು, ಧ್ವನಿವರ್ಧಕದಲ್ಲಿ. ಎಡಗಡೆಯ ಬಂಡೆಯ ಮೇಲೆ ಸೀಲ್‌ಗಳಿವೆ, ಮರಿಗಳನ್ನೂ ನೋಡಿ ಎಂದು ತನ್ನ ಜನಕ್ಕೆ ಹೇಳುತ್ತಿದ್ದ. ನಮ್ಮನ್ನು ಕಂಡೊಡನೆ ದನಿ ನಿಂತಿತು. ಚುಕ್ಕಾಣಿಯ ಬಳಿ ನಿಂತುಕೊಂಡೇ ಟೋಪಿ ತೆಗೆದ. ದೋಣಿ ನಿಲ್ಲಿಸಲಿಲ್ಲ.

ಎಲ್ಲರೂ ಸರಿಯಾಗಿ ನೋಡುವವರೆಗೆ ತಡೆದೆ. ಆಮೇಲೆ ನಾನೇ ಮುಂದೆ ಹೋಗಿ ಆ ಹುರಿ ಎತ್ತಿಕೊಂಡೆ. ನಮ್ಮ ಊರಿನಲ್ಲಿ ಹೆಂಗಸರು ಹುರಿ ಹಿಡಿದದ್ದಿಲ್ಲ. ಯಾರೂ ಬೇಡವೆನ್ನಲಿಲ್ಲ. ಅಪ್ಪ ತುಂಬ ಹಗುರವಾಗಿದ್ದರು.

ಸಂಜೆ ಅವನು ಪ್ರವಾಸಿಗಳಿಗೆ ಚಹಾ ಕುಡಿಸಲೆಂದು ನಮ್ಮ ಕಟ್ಟೆಗೆ ದೋಣಿ ತಂದ. ಮುದುಕ ಡಗ್ಗಿ ಎಂದಿನಂತೆ ದೋಣಿ ಕಟ್ಟುವ ಕಂಬದ ಪಕ್ಕ ಕುಳಿತಿದ್ದ. ಜಗಳವಾಡಿದವರ ಹಗ್ಗವನ್ನೂ ಹಿಡಿದು ಕಟ್ಟುವವನು ಅವನು. ಹೆಕ್ಟರ್ ಹಗ್ಗ ಎಸೆದ. ಅದು ಡಗ್ಗಿಯ ಬೂಟಿಗೆ ತಾಗಿ ಜಾರಿ ನೀರಿಗೆ ಬಿತ್ತು. ಎಳೆದುಕೊಂಡು ಮತ್ತೆ ಎಸೆದ. ಕಟ್ಟೆಯ ತುಂಬ ಜನ, ಒಬ್ಬರೂ ಬಗ್ಗಲಿಲ್ಲ. "ಪೈಪ್ ತುಂಬ್ತಾ ಇದೀನಿ ಕಣಪ್ಪ, ಕೈ ಖಾಲಿ ಇಲ್ಲ" ಅಂದ ಡಗ್ಗಿ. ಪ್ರವಾಸಿಗಳು ಇದು ನಮ್ಮ ಕಡೆಯ ಯಾವುದೋ ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವನು ದೋಣಿ ತಿರುಗಿಸಿಕೊಂಡು ಹೋದ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಕ್ಯಾಪ್ಟನ್‌ಗೂ ಅಡುಗೆಯ ಹುಡುಗಿಗೂ ಕೇಳಿದೆನೆಂದು ಹೇಳು. ದೇವರು ನಿನ್ನನ್ನು ಒಣನೆಲಕ್ಕೆ ತಂದು ಮುಟ್ಟಿಸಲಿ.

ನಿನ್ನ ಅಮ್ಮ,
ಇಶ್ಬೆಲ್

ಮರೆತಿದ್ದೆ, ಅಂಚೆಯ ದೋಣಿ ಬಂದುಬಿಟ್ಟಿದೆ. ನಿನ್ನೆ ಚರ್ಚಿನ ಹೊರಗೆ ಹೆಕ್ಟರ್ ನಿನ್ನ ವಿಳಾಸ ಕೇಳಿದ, ಕೊಟ್ಟೆ. ಅವನಿಗೆ ಎದೆಯ ಕಾಯಿಲೆ, ಮಕ್ಕಳಿಲ್ಲ. ತನ್ನ ಮಣ್ಣಿನ ದಿನ ಮೊದಲ ಹುರಿ ಹಿಡಿಯಲು ನಿನ್ನನ್ನು ಕೇಳಿ ಬರೆಯುತ್ತಾನಂತೆ. ಇಲ್ಲವೆನ್ನಬೇಡ. ಖಂಡಿತ ಬರುತ್ತೇನೆಂದು ಬರೆ, ಕಾಯುತ್ತಿರಲಿ. ಆ ದಿನ ನಿನ್ನ ಮನೆಗೂ ಯಾರಾದರೂ ದೂರದಿಂದ ಬಂದಿರುತ್ತಾರೆ.