ಐದಕ್ಕೆ ನಿಲ್ಲುವುದೋ, ಆರಕ್ಕೆ ಹೋಗುವುದೋ

ತುಡಿಯಲೂರು
೧೪-೧೧-೨೦೨೫

ಪ್ರೀತಿಯ ಶ್ರೇಯಾ,

ಘನ ನ್ಯಾಯಾಲಯದ ಮುಂದೆ ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ: ಬೀರುವಿನಲ್ಲಿ ನಿನ್ನ ಸೀರೆಗಳಡಿ ಇದ್ದ ಬ್ರಿಡ್ಜ್ ಇಸ್ಪೀಟಾಟದ ನೋಟ್‌ಬುಕ್ ಕದ್ದವನು ನಾನೇ. ಶಿಕ್ಷೆಗೆ ಮೊದಲು, ನಿನ್ನ ಬೆನ್ನುನೋವು ಹೇಗಿದೆ? ಧಾರವಾಡದ ಚಳಿಗೆ ಅತ್ತೆಯವರ ಕೆಮ್ಮು ಹೆಚ್ಚಿಲ್ಲ ತಾನೇ? ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಮಾಡಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನೀನು ಹೋಗಿ ಇಪ್ಪತ್ತು ದಿನ. ಅಂದು ನಿನ್ನ ಕೈಯಲ್ಲಿ ಭಾರೀ ಎಲೆಗಳಿವೆಯೆಂದು ನೀನು ಕೂಗಿ ಕೂಗಿ ತಿಳಿಸಿದರೂ ನಾನು ನಾಲ್ಕಕ್ಕೇ ಪಾಸ್ ಅಂದೆ. ಹದಿಮೂರರಲ್ಲಿ ಹನ್ನೆರಡು ಸುತ್ತು ನಮ್ಮವಾದವು. ಆರು, ಅಂದರೆ ಹನ್ನೆರಡು ಸುತ್ತಿನ ಪಣ, ಕೂಗಿದ್ದರೆ ಸ್ಲ್ಯಾಮಿನ ದೊಡ್ಡ ಬಹುಮಾನ ನಮ್ಮದು. ‘ಇದು ಆಟದ ಮಾತಲ್ಲ ಮಹೇಶ, ನನ್ನ ಮಾತಿನ ಮೇಲೆ ನಿನಗೆ ಯಾವತ್ತೂ ನಂಬಿಕೆಯಿಲ್ಲ’ ಎಂದು ನೀನು ಚೀಲ ತುಂಬಿಕೊಂಡು ತವರಿಗೆ ಹೊರಟೆ. ಕಾಲೇಜಿನಲ್ಲಿ ಪಾಸಾಗಲು ಅಷ್ಟು ಒದ್ದಾಡಿದವನಿಗೆ ಇಸ್ಪೀಟಿನಲ್ಲಿ ಮಾತ್ರ ಪಾಸ್ ಎಷ್ಟು ಸಲೀಸು ನೋಡು.

ಮೊನ್ನೆ ತಿರುಪ್ಪೂರಿನ ಸೆಮಿಫೈನಲಿಗೆ ನಿನ್ನ ಜಾಗದಲ್ಲಿ ಸೂಲೂರಿನ ಗೋಪಾಲಸಾಮಿಯವರನ್ನು ಕೂರಿಸಿಕೊಂಡೆ. ನೇಯ್ಗೆಯ ಮನೆತನ, ಮನೆಮಾತು ಕನ್ನಡ, ಅದಕ್ಕೇ ನಿನ್ನ ನೋಟ್‌ಬುಕ್ ಕೊಟ್ಟೆ. ಮೂರು ದಿನ ಇಟ್ಟುಕೊಂಡು, ಆಟದ ಬೆಳಿಗ್ಗೆ ಭಕ್ತಿಯಿಂದ ಹಿಂದಿರುಗಿಸಿ, ‘ಎಳುತ್ತು ಬರಲ್ಲ ತಂಬಿ, ನಮ್ದು ಬಾಯ್ ಕನ್ನಡ ಮಟ್ಟೂ’ ಅಂದರು; ಮಾತು ಬರುತ್ತದೆ, ಅಕ್ಷರ ಬರದು. ಬಸ್ಸಿನಲ್ಲಿ ನಾನೇ ಪಾರಾಯಣ ಮಾಡಿದೆ; ಪಲ್ಲಡಂ ದಾಟುವಷ್ಟರಲ್ಲಿ ಕಂಡಕ್ಟರಿಗೂ ಎಕ್ಕ ಕೇಳುವುದು ಬಂದಿತ್ತು.

ಕೊನೆಯ ಆಟ. ಇಸ್ಪೀಟು ತುರುಪು. ನನ್ನಲ್ಲಿ ಎರಡು ಎಕ್ಕ. ನೋಟ್‌ಬುಕ್ಕಿನ ಸಂಕೇತದಂತೆ ‘ನಾಲ್ಕು ನೋ ಟ್ರಂಪ್’ ಎಂದು ಅವರಲ್ಲಿ ಎಷ್ಟು ಎಕ್ಕವೆಂದು ಕೇಳಿದೆ. ‘ಐದು ಆಟೀನ್’ ಅಂದರು, ಅಂದರೆ ಅವರಲ್ಲೂ ಎರಡು. ಈಗ ಐದಕ್ಕೆ ನಿಲ್ಲುವುದೋ, ಆರಕ್ಕೆ ಹೋಗುವುದೋ? ಆರಕ್ಕೆ ಹೋಗಿ ಎರಡು ಸುತ್ತು ಸೋತರೆ ಎಕ್ಕ ಇದ್ದೂ ಎಕ್ಕುಟ್ಟಿ ಹೋದ ಹಾಗೆ. ಕೈ ಬೆವರಿ ರಾಣಿ ಬೆರಳಿಗೆ ಅಂಟಿಕೊಂಡಳು. ನೀನು ಹೋದ ಮೇಲೆ ನನಗೆ ಅಂಟಿಕೊಂಡವಳು ಅವಳೊಬ್ಬಳೇ. ನಿನ್ನನ್ನು ನೆನೆದು ‘ಆರು ಇಸ್ಪೀಟು’ ಕೂಗಿದೆ. ಹನ್ನೆರಡು ಸುತ್ತೂ ಬಂದವು, ಫೈನಲಿಗೆ ಏರಿದೆವು. ಎದುರು ಕೂತವರನ್ನು ನಂಬುವುದು ಈಗ ನನಗೆ ಗೊತ್ತು, ಶ್ರೇಯಾ. ವಾಪಸ್ ಬಾ. ನಾನು ಬರೆದರೆ ಎಲ್ಲವೂ ತಮಾಷೆಯ ಹಾಗೆ ಕಾಣುತ್ತದೆ, ಇದು ತಮಾಷೆಯಲ್ಲ.

ಅತ್ತೆ ಮಾವನಿಗೆ ನಮಸ್ಕಾರ ಹೇಳು. ನಿನಗೆ ಏನು ಹೇಳಬೇಕೆಂದು ತಿಳಿಯದ,
ಮಹೇಶ

ತಾ.ಕ.: ಕವರ್ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಆರು ಕೂಗಿದ್ದು ಗೋಪಾಲಸಾಮಿಯವರು. ನಾನು ಐದಕ್ಕೇ ನಿಂತಿದ್ದೆ. ‘ಎಕ್ಕ ಕೇಳ್ಬುಟ್ಟು ಓಡೋಗ್ತಾರಾ ತಂಬಿ?’ ಎಂದು ಟೀ ಅಂಗಡಿಯಲ್ಲಿ ಎಲ್ಲರೆದುರು ಕೇಳಿದರು. ಇಪ್ಪತ್ಮೂರರ ಭಾನುವಾರ ಫೈನಲು. ಇನ್ನು ನನ್ನ ಜೊತೆ ಆಡುವುದಿಲ್ಲವಂತೆ. ನೀನು ಬಂದರೆ ನಿನ್ನ ಜೊತೆ ಆಡುತ್ತಾರಂತೆ. ಹಾಗಾದರೂ ಸರಿ, ಬಾ. ನಾನು ಹಿಂದೆ ಕುರ್ಚಿ ಹಾಕಿಕೊಂಡು ಬಾಯಿಮುಚ್ಚಿ ಕೂರುತ್ತೇನೆ.