ಕರೆದರೂ ತಿರುಗದ ಸಿಸ್ಟರ್

ಆಸ್ಪತ್ರೆ ಕ್ವಾರ್ಟರ್ಸ್, ಆರನೇ ಮನೆ
ಭಾನುವಾರ, 14ನೇ ತಾರೀಖು

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಬಿ.ಪಿ. ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದೀರಿ ಎಂದು ಅಣ್ಣ ನಿಮ್ಮ ಮೇಲೆ ಚಾಡಿ ಹೇಳಿದ್ದಾನೆ. ಡಾಕ್ಟರು ಬರೆದದ್ದು ಇಡೀ ಮಾತ್ರೆ ಅಪ್ಪಾ, ಹೆಚ್ಚು ದಿನ ಬರಲಿ ಅಂತ ತುಂಡು ಮಾಡಿಡಲು ಅದೇನು ಬಟ್ಟೆಸೋಪಲ್ಲ. ಅತ್ತಿಗೆಯ ಸೊಂಟ ಹೇಗಿದೆ? ನಾವಿಲ್ಲಿ ಕ್ಷೇಮ. ನಿಮ್ಮ ಅಳಿಯ ಹೊಸ ಕನ್ನಡಕ ಹಾಕಿಕೊಂಡು ಥೇಟ್ ಹೆಡ್‌ಮಾಸ್ಟರ ಹಾಗೆ ಕಾಣುತ್ತಾರೆ. ಮೊಮ್ಮಗಳು ಪರೀಕ್ಷೆ ಮುಗಿಸಿ ಎರಡು ದಿನದಿಂದ ಊಟಕ್ಕೆ ಮಾತ್ರ ಏಳುತ್ತಿದ್ದಾಳೆ.

ಈ ವಾರ ನನ್ನ ತಲೆ ಕೆಟ್ಟು ಹೋಗಿತ್ತು. ನಮ್ಮ ಹೆಂಗಸರ ಆಪರೇಷನ್ ವಾರ್ಡಿಗೆ ಎರಡು ತಿಂಗಳ ಹಿಂದೆ ಹೊಸ ಸಿಸ್ಟರ್ ಒಬ್ಬರು ಬಂದರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಕೈಗುಣ ಎಂಥದ್ದು ಅಂತೀರಿ! ಚರ್ಮ ಕಾಗದವಾಗಿ ಹೋದ ಮುದುಕಿಯರಿಗೂ ಒಂದೇ ಚುಚ್ಚಿಗೆ ನರ ಸಿಗುತ್ತದೆ, ‘ಅಮ್ಮಾ’ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಆದರೆ ಹೆಂಗಸು ಮಹಾ ಗರ್ವಿ ಎಂದು ವಾರ್ಡಿಗೆ ವಾರ್ಡೇ ಮಾತಾಡಿಕೊಳ್ಳತೊಡಗಿತು. ಕರೆದರೆ ತಿರುಗುವುದಿಲ್ಲ. ಎಲ್ಲರೂ ಕೂತು ಹರಟುವಾಗ ಗೋಡೆಗೆ ಆನಿಕೊಂಡು ಒಂದೇ ಮೂಲೆಯಲ್ಲಿ ಕೂರುತ್ತಾರೆ, ನಕ್ಕರೆ ಒಂದು ಗಳಿಗೆ ತಡವಾಗಿ ನಗುತ್ತಾರೆ. ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸಲು ಹೋದರೆ ಮುಖಕ್ಕೆ ಮುಖ ತಂದು ಬಾಯನ್ನೇ ದುರುಗುಟ್ಟಿ ನೋಡುತ್ತಾರೆ. ವಾರ್ಡಿನ ನರ್ಸ್ ಹುಡುಗಿಯರು ‘ಮಹಾರಾಣಿ’ ಎಂದು ಹೆಸರಿಟ್ಟರು. ಅವರಲ್ಲಿ ಬಾಯಿಜೋರಿನವಳು ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತು, “ಮೇಡಂ, ನಾವೇನು ಕಂಬಗಳಾ? ನೂರು ಸಲ ಕರೆದ್ರೂ ಈ ಕಡೆ ನೋಡಲ್ಲ. ಅವರಿರೋ ಶಿಫ್ಟ್ ನನಗೆ ಹಾಕ್ಬೇಡಿ” ಎಂದಳು. ವಾರ್ಡಿನ ಹಿರಿಯಳು ನಾನಲ್ಲವೇ, ಎಲ್ಲರ ದೂರೂ ನನ್ನ ತಲೆಗೇ. ಮೇಟ್ರನ್‌ಗೆ ಕೊಡಲು ಒಂದು ರಿಪೋರ್ಟ್ ಬರೆದೂ ಇಟ್ಟೆ.

ಮಂಗಳವಾರ ಬೆಳಿಗ್ಗೆ ಅವರು ಒಂಬತ್ತನೇ ಬೆಡ್ಡಿನವರ ಗಾಯಕ್ಕೆ ಡ್ರೆಸಿಂಗ್ ಮಾಡುತ್ತಿದ್ದರು. ಬೆನ್ನ ಹಿಂದೆ ಹತ್ತನೇ ಬೆಡ್ಡಿನ ಡ್ರಿಪ್ ಮುಗಿದು ಮಿಷನ್ ಕುಂಯ್ ಕುಂಯ್ ಎಂದು ಕೂಗಿಕೊಳ್ಳುತ್ತಿತ್ತು. ಅಲ್ಲಿ ಮಲಗಿದ್ದ ರಿಟೈರ್ಡ್ ಟೀಚರಮ್ಮ ನಳಿಕೆಯಲ್ಲಿ ರಕ್ತ ಮೇಲೇರುವುದನ್ನು ಕಂಡು ಗಾಬರಿಯಿಂದ “ಸಿಸ್ಟರ್, ಸಿಸ್ಟರ್” ಎಂದು ಅರಚುತ್ತಿದ್ದರು. ಈ ಪುಣ್ಯಾತ್ಗಿತ್ತಿ ಮಾತ್ರ ನಿಧಾನವಾಗಿ ಪಟ್ಟಿ ಸುತ್ತುತ್ತಿದ್ದಾರೆ! ನಾನು ಆ ತುದಿಯಿಂದ ಓಡಿ ಬಂದು ಡ್ರಿಪ್ ನಿಲ್ಲಿಸಿದೆ. ದೇವರ ದಯೆ, ಟೀಚರಮ್ಮನಿಗೆ ಏನೂ ಆಗಲಿಲ್ಲ. ಆದರೆ ನನ್ನ ಪಿತ್ತ ನೆತ್ತಿಗೇರಿತ್ತು. ಇಪ್ಪತ್ತು ಬೆಡ್ಡಿನವರ ಎದುರಿಗೇ ಬಾಯಿಗೆ ಬಂದ ಹಾಗೆ ಬೈದೆ. ಅವರು ಎಲ್ಲ ಮುಗಿದ ಮೇಲೆ ಮೆಲ್ಲಗೆ “ಏನಂದ್ರಿ?” ಎಂದರು. ಹುಡುಗಿಯರು ಕಿಸಕ್ಕೆಂದರು.

ಆ “ಏನಂದ್ರಿ” ನನ್ನನ್ನು ಬಿಡಲಿಲ್ಲ ಅಪ್ಪಾ. ಅದರಲ್ಲಿ ಗರ್ವವಿರಲಿಲ್ಲ. ಮಧ್ಯಾಹ್ನ ಅವರು ಬಟ್ಟೆ ಕೋಣೆಯಲ್ಲಿ ಬೆಡ್‌ಶೀಟ್ ಮಡಿಸುತ್ತಿದ್ದಾಗ ಸದ್ದಿಲ್ಲದೆ ಹಿಂದೆ ಹೋಗಿ ನಿಂತು, “ಸಿಸ್ಟರ್, ನಿಮ್ಮ ಬೆನ್ನ ಮೇಲೆ ಜಿರಲೆ” ಎಂದೆ. ಜಿರಲೆ ಎಂದರೆ ಕುರ್ಚಿ ಹತ್ತಿ ನಿಲ್ಲುವ ಹೆಂಗಸು ಅವರು, ನಾನೇ ಕಣ್ಣಾರೆ ಕಂಡಿದ್ದೇನೆ. ಮಡಿಸುವುದನ್ನು ನಿಲ್ಲಿಸಲೇ ಇಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಊಹೂಂ. ಆಮೇಲೆ ಯಾತಕ್ಕೋ ತಿರುಗಿದವರು ನನ್ನ ಮುಖ ನೋಡಿ, ಗುಟ್ಟು ಬಯಲಾಯಿತೆಂದು ತಿಳಿದು, ಕೈಯಲ್ಲಿದ್ದ ಬೆಡ್‌ಶೀಟ್ ಸಮೇತ ಬಟ್ಟೆ ಗಂಟಿನ ಮೇಲೆ ಕೂತರು.

ಮೂರು ವರ್ಷದ ಹಿಂದೆ ಜ್ವರ ಬಂದು ಎಡಗಿವಿ ಪೂರ್ತಿ ಹೋಯಿತಂತೆ, ಬಲಗಿವಿಯೂ ಈಗ ಅರ್ಧಂಬರ್ಧ. ಹಿಂದಿನ ಆಸ್ಪತ್ರೆಯಲ್ಲಿ ಗೊತ್ತಾದ ದಿನವೇ ಕೆಲಸದಿಂದ ತೆಗೆದರಂತೆ. “ಇಲ್ಲಿ ಹೇಳಿದ್ರೆ ತಗೋತಿದ್ರಾ, ನೀವೇ ಹೇಳಿ. ಏನಂದ್ರಿ, ಏನಂದ್ರಿ ಅಂತ ಎಷ್ಟು ಸಲ ಕೇಳೋದು ಮೇಡಂ? ಮೂರನೇ ಸಲಕ್ಕೆ ಜನ ನಗ್ತಾರೆ. ಅದಕ್ಕಿಂತ ಜಂಬದವಳು ಅನ್ನಿಸ್ಕೊಳ್ಳೋದೇ ವಾಸಿ ಅನ್ಸಿತು” ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗಂತ ಬಾಯಿ ಮುಚ್ಚಿಕೊಂಡಿರುವಂತೆಯೂ ಇಲ್ಲ. ಆ ಕುಂಯ್ ಕುಂಯ್ ಕೇಳಿಸದಿದ್ದರೆ ನಾಳೆ ಒಂದು ಜೀವ ಹೋದೀತು. “ಸಂಜೆಯೊಳಗೆ ನೀವೇ ಮೇಟ್ರನ್‌ಗೆ ಹೇಳಿ. ಇಲ್ಲಾಂದ್ರೆ ನಾನು ಹೇಳ್ಬೇಕಾಗತ್ತೆ. ನೀವು ಹೇಳೋವಾಗ ನಾನು ಪಕ್ಕದಲ್ಲೇ ಇರ್ತೀನಿ” ಎಂದೆ. ಅವರು ಕೈಯಲ್ಲಿದ್ದ ಬೆಡ್‌ಶೀಟನ್ನು ಮಡಿಸಿಟ್ಟು ಎದ್ದರು.

ಹೋದೆವು. ಮುಚ್ಚಿಟ್ಟದ್ದಕ್ಕೆ ಮೇಟ್ರನ್ ಸಿಡಿದುಬಿದ್ದರು, ತಪ್ಪಲ್ಲ. ಆದರೆ ಆ ಚುಚ್ಚುವ ಕೈಯನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ಮಾರನೇ ದಿನವೇ ನಮ್ಮ ಆಸ್ಪತ್ರೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಬಲಗಿವಿಗೆ ಮಿಷನ್ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ ಎಂದರು. ಅದು ಬರುವವರೆಗೆ ವಾರ್ಡಿಗೆ ಹೋಗುವಂತಿಲ್ಲ. ರಕ್ತ ತೆಗೆಯುವ ಕೋಣೆಯಲ್ಲಿ ಕೂತಿದ್ದಾರೆ, ಅಲ್ಲಿ ಜನ ಒಬ್ಬೊಬ್ಬರೇ ಎದುರಿಗೆ ಬಂದು ಕೂರುತ್ತಾರಲ್ಲ. ಮುಂದೆ ವಾರ್ಡಿಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಾಯಿಜೋರಿನ ಹುಡುಗಿ ಈಗ ಊಟಕ್ಕೆ ಕೂತಾಗ ಮಾತಾಡುವ ಮುಂಚೆ ಅವರ ಮೊಣಕೈ ಮುಟ್ಟುತ್ತಾಳೆ. ನನ್ನ ಜೊತೆ ಮಾತ್ರ ಅವರು ಕೆಲಸವಿದ್ದಷ್ಟೇ ಮಾತು. ಎಲ್ಲರೆದುರು ಬೈದದ್ದಕ್ಕೆ ಕ್ಷಮೆ ಕೇಳಿದೆ, “ಆಯ್ತು ಬಿಡಿ” ಎಂದರು. ಸಿಟ್ಟು ಇಳಿದಿಲ್ಲ. ಇಳಿಯುವವರೆಗೆ ಕಾಯುತ್ತೇನೆ. ಬರೆದಿಟ್ಟ ರಿಪೋರ್ಟ್ ಹರಿದು ಹಾಕಿದೆ.

ಅಣ್ಣ, ಅತ್ತಿಗೆಗೆ ನಮ್ಮೆಲ್ಲರ ನೆನಪು ತಿಳಿಸಿ. ನಿಮ್ಮ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ಇಡೀ ಮಾತ್ರೆ ನುಂಗಿ.

ನಿಮ್ಮ ಚಿಕ್ಕ ಮಗಳು

ತಾ.ಕ.: ಅಪ್ಪಾ, ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಹೇಳದೆ ಕವರು ಅಂಟಿಸಲಾರೆ. ಹೋದ ಸಲ ನೀವು ಇಲ್ಲಿದ್ದಾಗ ನಾನು ಡ್ಯೂಟಿ ಮುಗಿಸಿ ಬಂದು ಕಾಲು ಗಂಟೆ ಬಾಗಿಲು ಬಡಿದೆ. ತೆಗೆದ ಕೂಡಲೇ “ಬೇಕಂತಲೇ ಮಾಡ್ತೀರಾ?” ಎಂದು ಕೂಗಾಡಿದೆ. ನೀವು ಸುಮ್ಮನೆ ನಕ್ಕಿರಿ. ಮೂವತ್ತು ವರ್ಷ ಮಿಲ್ಲಿನ ಆ ಸದ್ದಿನಲ್ಲಿ ನಿಂತು ನಮ್ಮನ್ನು ಸಾಕಿದವರು ನೀವು. ನಾನು ನರ್ಸಾಗಿಯೂ ನನಗೆ ಹೊಳೆಯಲಿಲ್ಲ. ಫೋನಿನಲ್ಲಿ ನೀವು ಎಲ್ಲದಕ್ಕೂ “ಹೂಂ, ಹೂಂ” ಎನ್ನುತ್ತೀರಲ್ಲ, ಅದಕ್ಕೇ ಇದನ್ನೆಲ್ಲ ಬರೆದೆ. ಇಪ್ಪತ್ತೆರಡನೇ ತಾರೀಖು ಹತ್ತು ಗಂಟೆಗೆ ಅದೇ ಕಿವಿ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಅಣ್ಣ ಕರೆದುಕೊಂಡು ಬರುತ್ತಾನೆ. ಬನ್ನಿ ಅಪ್ಪಾ. ಅವತ್ತು ಕೂಗಾಡಿದ್ದಕ್ಕೆ ಎದುರಿಗೆ ಕೂತು ಕ್ಷಮೆ ಕೇಳಬೇಕು, ಮಾತು ನಿಮಗೆ ಕೇಳಿಸುವ ಹಾಗೆ.