ಕಾಲುವೆ ಬರೆಯುವ ಪೆನ್ನು

ಮಂಡ್ಯ
ಭಾನುವಾರ, 6 ಜುಲೈ 2025

ಪ್ರೀತಿಯ ತಾತಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆದಮೇಲೆ ಮಳವಳ್ಳಿಯ ಅತ್ತೆ ನಿನ್ನನ್ನು ಹೊಸಿಲು ದಾಟಲು ಬಿಡುತ್ತಿಲ್ಲವಂತೆ. ನೀನೋ ಊರುಗೋಲನ್ನು ಮಂಚದ ಕೆಳಗೆ ಬಚ್ಚಿಟ್ಟು ಗೋಡೆ ಹಿಡಿದು ನಡೆಯುತ್ತೀಯಂತೆ. ಅತ್ತೆಯ ಮಗಳು ಅರ್ಪಿತ ಎಲ್ಲ ಹೇಳಿದಳು. ಅವಳನ್ನು ಬಯ್ಯಬೇಡ, ಈ ಕಾಗದ ನಿನಗೆ ಓದಿ ಹೇಳಬೇಕಾದವಳೂ ಅವಳೇ. ಫೋನಿನಲ್ಲಿ ನನ್ನ ಮಾತು ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ಊಟ ಆಯ್ತು ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀರಾವರಿ ಕಚೇರಿಯಲ್ಲಿ ಎಂಜಿನಿಯರ್ ಆದಮೇಲೆ ಮೊದಲ ಸಲ ನಾನೇ ಸಭೆ ನಡೆಸಬೇಕು. ಅದೂ ಕೊಪ್ಪದ ಪಕ್ಕದ ನಮ್ಮೂರಿನಲ್ಲೇ, ಬರುವ ಶನಿವಾರ. ಹೋದ ವರ್ಷ ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟದೆ ಭತ್ತ ಜೊಳ್ಳಾಯಿತಲ್ಲ, ಈ ಸಲ ನೀರಿನ ಸರದಿಯನ್ನು ಕೊನೆಯಿಂದಲೇ ಶುರು ಮಾಡೋಣ ಅಂತ ನನ್ನ ಯೋಚನೆ. ಮೇಲಿನ ಗದ್ದೆಯವರು ಒಪ್ಪಬೇಕು. ಇಷ್ಟು ವರ್ಷ ನೀರುಗಂಟಿಯಾಗಿ ನೀನು ತೂಬು ಎತ್ತಿ ಅವರ ಗದ್ದೆಗೆ ನೀರು ಬಿಟ್ಟೆ. ಅದೇ ನೀರುಗಂಟಿಯ ಮೊಮ್ಮಗಳು ಹೇಳಿದ್ದನ್ನು ಅವರು ಕೂತು ಕೇಳುತ್ತಾರಾ? ನಿಜ ಹೇಳಬೇಕೆಂದರೆ ನನಗೆ ಭಯವಾಗಿದೆ ತಾತ.

ಕಾಲುವೆಯ ಚಿತ್ರ ಬರೆದುಕೊಂಡು ಹೋಗಿ ಪರದೆಯ ಮೇಲೆ ತೋರಿಸಿಬಿಡು ಅಂದರು ಸಾಹೇಬರು. ನಾನು ಒಪ್ಪಲಿಲ್ಲ. ಸಿದ್ಧಮಾಡಿ ತಂದದ್ದನ್ನು ತೋರಿಸಿದರೆ, ಇವರೇ ತೀರ್ಮಾನ ಮಾಡಿಕೊಂಡು ಬಂದಿದ್ದಾರೆ ಅಂತ ಜನ ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಾರೆ. ಅವರ ಕಣ್ಣೆದುರೇ ಬರೆಯಬೇಕು, ಅವರು ಹೇಳಿದರೆ ಅಳಿಸಬೇಕು. ಅದಕ್ಕೆ ತಕ್ಕ ಸಾಫ್ಟ್‌ವೇರ್ ಹುಡುಕಿ ನನ್ನ ತಲೆ ಕೆಟ್ಟುಹೋಯಿತು. ಒಂದು ಬಲು ಚೆಂದ, ಚೌಕ, ಬಾಣ, ಬಣ್ಣ ಎಲ್ಲ ಸಿದ್ಧ. ಆದರೆ ನಮ್ಮ ಕಾಲುವೆಯ ತಿರುವೆಲ್ಲ ಅದರಲ್ಲಿ ಮೆಟ್ಟಿಲಾದವು, ಒಂದು ಗದ್ದೆ ಸರಿಸಿದರೆ ಊರೇ ಸರಿಯಿತು. ಇನ್ನೊಂದಕ್ಕೆ ನೆಟ್ ಬೇಕು. ನಮ್ಮೂರಲ್ಲಿ ನೆಟ್ ಸಿಗುವುದು ನೀರಿನ ಟ್ಯಾಂಕ್ ಹತ್ತಿದರೆ, ಸಭೆಯನ್ನು ಅಲ್ಲಿ ಮಾಡಲಾಗುತ್ತದೆಯೇ? ಕೊನೆಗೆ ಸಿಕ್ಕಿದ್ದು ನೋಡಲು ಬಡಪಾಯಿ. ಟ್ಯಾಬಿನ ಗಾಜಿನ ಮೇಲೆ ಬಿಳಿ ಹಾಳೆ, ಬರೆಯಲು ಒಂದು ಪೆನ್ನು, ಅಳಿಸಲು ಒಂದು ರಬ್ಬರು, ಅಷ್ಟೇ. ನೆಟ್ ಬೇಡ.

ಮೊನ್ನೆ ಊರಿಗೆ ಹೋದಾಗ ಅಪ್ಪ-ಅವ್ವನನ್ನು ನಡುಮನೆಯಲ್ಲಿ ಕೂರಿಸಿ, ಕಚೇರಿಯ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೀಳುವ ಹಾಗೆ ಬರೆದು ತೋರಿಸಿದೆ. ಕಾಲೇಜಿನ ಅಭ್ಯಾಸ, ಉತ್ತರ ದಿಕ್ಕನ್ನು ಮೇಲಿಟ್ಟೆ. ನಮ್ಮ ಕಾಲುವೆ ಹರಿಯುವುದೇ ಉತ್ತರಕ್ಕೆ. ತೂಬು ಕೆಳಗೆ ಬಂತು, ಕೊನೆಯ ಗದ್ದೆ ಸೂರಿನ ಹತ್ತಿರ ಹೋಯಿತು. ಅವ್ವ ಸ್ವಲ್ಪ ಹೊತ್ತು ನೋಡಿ, "ನೀರೇನ್ ಮ್ಯಾಕೆ ಅರೀತದಾ ಮಗಾ?" ಅಂದಳು. ಅಪ್ಪ ಕೆಮ್ಮು ಬರುವವರೆಗೆ ನಕ್ಕ. ನನಗೆ ಸಿಟ್ಟೂ ಬಂತು, ನಗೂ ಬಂತು. ಹಾಳೆಯನ್ನು ಅಲ್ಲೇ ತಿರುಗಿಸಿದೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು ಗೋಡೆಗೆ ಬೆರಳಿಟ್ಟು, ಮಹದೇವಯ್ಯನವರ ಗದ್ದೆ ಇಲ್ಲಿ ಅಲ್ಲ, ಅಲ್ಲಿ ಅಂತ ಜಗಳಕ್ಕೇ ನಿಂತ. ಶನಿವಾರವೂ ಜನ ಹೀಗೇ ಎದ್ದು ಬಂದು ಜಗಳವಾಡಿದರೆ ಸಾಕು, ಸರದಿ ಕೂಡಿಬರುತ್ತದೆ ಅನ್ನಿಸುತ್ತಿದೆ.

ಗುಳಿಗೆ ತಪ್ಪಿಸಬೇಡ. ಅತ್ತೆ, ಮಾವನಿಗೆ ನನ್ನ ನಮಸ್ಕಾರ ಹೇಳು. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ, ನೋವಿರುವ ಮಂಡಿ ಬಿಟ್ಟು.

ನಿನ್ನ ಮೊಮ್ಮಗಳು
ನಯನ

ಮರೆತಿದ್ದೆ: ಆ ಬಡಪಾಯಿಯನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ, ಸಾಹೇಬರಿಗೂ ಹೇಳಿಲ್ಲ. ಬೇರೆಯವು ನಡುಗುವ ಕೈ ಎಳೆದ ಗೆರೆಯನ್ನು ತಾವೇ ನೆಟ್ಟಗೆ ಮಾಡಿಬಿಡುತ್ತವೆ. ಇದು ಎಳೆದದ್ದನ್ನು ಎಳೆದ ಹಾಗೇ ಇಡುತ್ತದೆ. ಕಾಲುವೆಗೆ ನೀರು ಬಂದ ದಿನ ತೂಬಿಗೆ ಮೊದಲು ನೀರುಗಂಟಿಯ ಕೈಯೇ ಬೀಳಬೇಕು, ಅದು ನಮ್ಮೂರ ಪದ್ಧತಿ. ಸಭೆಯಲ್ಲಿ ಮಾತ್ರ ನೀನು ಯಾವಾಗಲೂ ಬಾಗಿಲ ಹತ್ತಿರ ನಿಂತೇ ಇರುತ್ತಿದ್ದೆ. ಯಾಕೆ ಕೂರುತ್ತಿರಲಿಲ್ಲ ಅಂತ ಹೋದ ತಿಂಗಳು ಕೇಳಿದಾಗ ಅಂದ ಹಾಗೆ "ನಂಗ್ಯಾಕವ್ವ ಕುರ್ಚಿ, ಬುಡು" ಅನ್ನಬೇಡ. ಶನಿವಾರ ಬೆಳಿಗ್ಗೆ ನಿನ್ನನ್ನು ಕರೆತರಲು ಅಪ್ಪ ಕಾರು ಮಾಡಿಕೊಂಡು ಬರುತ್ತಾನೆ. ಮುಂದಿನ ಕುರ್ಚಿ ನಿನ್ನದು, ಪೆನ್ನು ನಿನ್ನ ಕೈಗೇ ಕೊಡುತ್ತೇನೆ. ತೂಬಿನಿಂದ ಮೊದಲ ಗೆರೆ ನೀನು ಎಳೆಯುವ ತನಕ ನಾನು ಸಭೆ ಶುರು ಮಾಡುವುದಿಲ್ಲ.